ಒಂದೇ ಸೆಲ್ಲಿನ ಹೆಡ್‌ಲೈಟ್

"ಅಲ್ಲ ಮಾರಾಯ್ತಿ, ಸಾವಿರ ಲ್ಯೂಮೆನ್ ಅಂತ ಬರೆದದ್ದು ಒಳ್ಳೆಯದೋ, ನೂರು ಅಂತ ಬರೆದದ್ದು ಒಳ್ಳೆಯದೋ? ಅಂಗಡಿಯವ ಸಾವಿರದ್ದನ್ನೇ ಕೊಂಡುಹೋಗಿ ಅಂತಾನೆ."

ಪಕ್ಕದ ಸೊಸೈಟಿಯ ರಾಯರು ಕೇಳಿದ್ದು ಇಷ್ಟೇ. ಉತ್ತರ ಮುಗಿಯುವಷ್ಟರಲ್ಲಿ ಎರಡು ಸಂಜೆ ಕಳೆದಿತ್ತು. ಮುಂಬೈಯ ನಮ್ಮ ವಿಲೆ ಪಾರ್ಲೆ ವಿಮಾನ ಇಳಿಯುವ ದಾರಿಯಲ್ಲಿರುವುದರಿಂದ ಕಟ್ಟಡಗಳ ಎತ್ತರಕ್ಕೆ ಮಿತಿ ಉಂಟು. ಹಾಗಾಗಿ ಮೂರು ಮಾಳಿಗೆಯ ಹಳೆಯ ಸೊಸೈಟಿಗಳು ಇನ್ನೂ ಉಳಿದಿವೆ, ನಡುವೆ ಎದೆಮಟ್ಟದ ಕಂಪೌಂಡ್ ಗೋಡೆಯೂ ಉಳಿದಿದೆ. ವಿಮಾನ ತಲೆ ಮೇಲೆ ಬಂದಾಗ ಮಾತು ನಿಲ್ಲಿಸುವುದು, ದಾಟಿದ ಮೇಲೆ ಮುಂದುವರಿಸುವುದು ಇಲ್ಲಿ ಎಲ್ಲರಿಗೂ ಅಭ್ಯಾಸ.

ರಾಯರಿಗೆ ಬೇಕಾದದ್ದು ಹಣೆಗೆ ಕಟ್ಟುವ ಎರಡು ಹೆಡ್‌ಲೈಟ್. ಒಂದು ಸುಳ್ಯಕ್ಕೆ, ತಮ್ಮನ ಮಗನಿಗೆ. ಅಲ್ಲಿ ಮನೆಯ ರಬ್ಬರ್ ತೋಟ ಉಂಟು, ಟ್ಯಾಪಿಂಗಿಗೆ ಜನ ಸಿಗದೆ ಹುಡುಗನೇ ಕತ್ತಿ ಹಿಡಿದಿದ್ದಾನೆ. ಇನ್ನೊಂದು ಇಲ್ಲೇ ಕಾಲೇಜಿಗೆ ಹೋಗುವ ಮೊಮ್ಮಗಳಿಗೆ. ಅವಳು ಗೆಳತಿಯರ ಜೊತೆ ರಾತ್ರಿ ಟ್ರೆಕ್ಕಿಗೆ ಹೊರಟಿದ್ದಾಳೆ, ಸಹ್ಯಾದ್ರಿಯ ರಾಜ್‌ಮಾಚಿಗೆ. "ಒಬ್ಬನಿಗೆ ತೋಟ, ಒಬ್ಬಳಿಗೆ ಗುಡ್ಡ. ಎರಡಕ್ಕೂ ಒಂದೇ ನಮೂನೆಯದ್ದು ಆಗ್ತದಾ?" ಅಂತ ಅವರ ಸಂಶಯ. ಆಗುತ್ತದೆ, ಒಂದೇ ನಮೂನೆಯದ್ದೇ ಬೇಕು ಅಂತ ನಾನು.

ಮೊದಲು ತೋಟದ ಮಾತು. ರಬ್ಬರ್ ಮರದ ಹಾಲುನಾಳಗಳಲ್ಲಿ ಒತ್ತಡ ಹೆಚ್ಚಿರುವುದು ಬೆಳಗಿನ ಜಾವ. ಬಿಸಿಲೇರಿ ಎಲೆಗಳಿಂದ ನೀರು ಆವಿಯಾಗತೊಡಗಿದರೆ ಒತ್ತಡ ಇಳಿಯುತ್ತದೆ, ಹಾಲು ಬೇಗ ನಿಲ್ಲುತ್ತದೆ. ಆದ್ದರಿಂದಲೇ ಟ್ಯಾಪರುಗಳು ನಸುಕಿಗಿಂತ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಇಳಿಯುವುದು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದವು. ಈ ಕತ್ತಲ ಕೆಲಸವನ್ನು ತಲೆಮಾರುಗಟ್ಟಲೆ ಮಾಡಿದವರು ಅವರು. ಬೆಳಗಾಗುವ ಹೊತ್ತಿಗೆ 300ರ ಆಸುಪಾಸು ಮರ ಮುಗಿಸುವ ಜನ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪ್ರತಿ ಸಲ ತೆಗೆಯುವ ತೊಗಟೆಯ ಸಿಪ್ಪೆ ಒಂದು, ಒಂದೂವರೆ ಮಿಲಿಮೀಟರಿನಷ್ಟು. ಒಳಗಿನ ಮರಕ್ಕೂ ಕತ್ತಿಯ ಬಾಯಿಗೂ ನಡುವೆ ಉಳಿಯಬೇಕಾದದ್ದೂ ಹೆಚ್ಚುಕಡಿಮೆ ಒಂದೇ ಮಿಲಿಮೀಟರು. ಕತ್ತಿ ಆಚೆ ಹೋಗಿ ಎಳೆಪದರಕ್ಕೆ ತಾಗಿದರೆ ಅಲ್ಲಿ ತೊಗಟೆ ಗಂಟುಗಂಟಾಗಿ ಬೆಳೆಯುತ್ತದೆ, ಮುಂದೆ ಆ ಜಾಗ ಟ್ಯಾಪಿಂಗಿಗೆ ಬರುವುದಿಲ್ಲ. ಓರೆಯಾಗಿ ಇಳಿಯುವ ಗೀರಿನ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಕಣ್ಣು ಹರಿಯುತ್ತಿರುತ್ತದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈ ಹಾಲು ಹಿಡಿಯುವ ಚಿಪ್ಪಿನ ಕಡೆಗೆ. ಕಣ್ಣಿಗೂ ಮರಕ್ಕೂ ಇರುವ ದೂರ ಒಂದು ಮೊಳ.

"ಇಂಥ ಕಡೆ ಅರ್ಧ ಕಿಲೋಮೀಟರ್ ಹೋಗುವ ಬೆಳಕು ಎಂತಕ್ಕೆ ರಾಯರೇ?" ಅಂತ ಕೇಳಿದೆ. ಅವರು ಸುಮ್ಮನಾದರು.

ದೂರ ಹೋಗುವ ದೀಪದಲ್ಲಿ ಎಲ್‌ಇಡಿಯ ಸುತ್ತ ಆಳದ ಬಟ್ಟಲಿನ ಪ್ರತಿಫಲಕ ಇರುತ್ತದೆ. ಅದು ಬೆಳಕನ್ನೆಲ್ಲ ಒಟ್ಟುಮಾಡಿ ನಡುವೆ ಒಂದು ಪ್ರಖರವಾದ ಚುಕ್ಕೆ ಎಸೆಯುತ್ತದೆ. ಒಂದು ಮೊಳ ದೂರದಲ್ಲಿ ಆ ಚುಕ್ಕೆ ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಚುಕ್ಕೆಯ ಸುತ್ತ ಇರುವುದೆಲ್ಲ ಕಪ್ಪಾಗುತ್ತದೆ. ಗೀರಿನ ನಡುಭಾಗ ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಎರಡು ತುದಿಗಳು ಕತ್ತಲೆ. ಹರಡುವ ಬೆಳಕಿನ ದೀಪದಲ್ಲಿ, ಅಂಗಡಿಯ ಭಾಷೆಯಲ್ಲಿ ಫ್ಲಡ್ ಅನ್ನುವುದರಲ್ಲಿ, ಪ್ರತಿಫಲಕ ಇರುವುದೇ ಇಲ್ಲ, ಅಥವಾ ಮುಂದೆ ಮಸುಕು ಗಾಜು ಇರುತ್ತದೆ. ಎಲ್‌ಇಡಿ ತನ್ನ ಸಹಜ ಹರವಿನಲ್ಲಿ, 100–120 ಡಿಗ್ರಿಯಷ್ಟು ಅಗಲಕ್ಕೆ, ಒಂದೇ ಸಮ ಬೆಳಕು ಚೆಲ್ಲುತ್ತದೆ. ಮರ, ಕತ್ತಿ, ಚಿಪ್ಪು, ಕಾಲ ಬುಡದ ತರಗೆಲೆ ಎಲ್ಲವೂ ಒಟ್ಟಿಗೆ ಕಾಣುತ್ತವೆ, ತಲೆ ತಿರುಗಿಸದೆ ಕಣ್ಣಷ್ಟೇ ತಿರುಗಿಸಿದರೆ ಸಾಕು. ರಬ್ಬರ್ ತೋಟದ ತರಗೆಲೆಯಲ್ಲಿ ಕೊಳಕುಮಂಡಲ ಮಲಗಿದ್ದರೆ ಈ ಅಗಲವೇ ಜೀವ ಉಳಿಸುವುದು. ಅಂಥಲ್ಲಿ ಬೆಳಕಿನ ಬಣ್ಣವೂ ಮುಖ್ಯ. ನೀಲಿಗೆ ತಿರುಗಿದ 6500 ಕೆಲ್ವಿನ್‌ನ ಅಗ್ಗದ ಎಲ್‌ಇಡಿಯಲ್ಲಿ ಕಂದು ಎಲೆ, ಕಂದು ಹಾವು ಎರಡೂ ಒಂದೇ ಬೂದಿ ಬಣ್ಣವಾಗಿ ಕಾಣುತ್ತವೆ. 4000 ಕೆಲ್ವಿನ್‌ನ ಸುತ್ತಮುತ್ತಲಿನ, ಬಣ್ಣ ಸರಿಯಾಗಿ ತೋರಿಸುವ ದೀಪದಲ್ಲಿ ಹಾವು ಬೇರೆಯಾಗಿ ಕಾಣುತ್ತದೆ. ಹುಳವೂ ಸ್ವಲ್ಪ ಕಡಿಮೆ ಮುತ್ತುತ್ತದೆ.

ಲ್ಯೂಮೆನ್ನಿನ, ಅಂದರೆ ದೀಪ ಚೆಲ್ಲುವ ಒಟ್ಟು ಬೆಳಕಿನ, ಲೆಕ್ಕಕ್ಕೆ ರಾಯರು ಮತ್ತೆ ಬಂದರು. ಬ್ಯಾಂಕಿನಲ್ಲಿ ಇದ್ದವರು, ಅಂಕಿ ಕೊಡದಿದ್ದರೆ ಒಪ್ಪುವುದಿಲ್ಲ. ಹಾಗಾಗಿ ಗೋಡೆಯ ಮೇಲೆ ಬೆರಳಲ್ಲೇ ಬರೆದು ತೋರಿಸಿದೆ. ಚಾರ್ಜ್ ಮಾಡುವ ಒಂದು ಒಳ್ಳೆಯ ಪೆನ್ಸಿಲ್ (ಎಎ) ಸೆಲ್ಲಿನಲ್ಲಿ 2000 ಮಿಲಿಆಂಪ್ ಗಂಟೆ, 1.2 ವೋಲ್ಟ್. ಗುಣಿಸಿದರೆ 2.4 ವ್ಯಾಟ್ ಗಂಟೆ. ನಡುವಿನ ನಷ್ಟವೆಲ್ಲ ಕಳೆದು ಒಂದು ವ್ಯಾಟಿಗೆ 100 ಲ್ಯೂಮೆನ್ ಸಿಕ್ಕಿತು ಅನ್ನಿ. ಅಂದರೆ ಆ ಸೆಲ್ಲಿನ ಹೊಟ್ಟೆಯಲ್ಲಿ ಇರುವುದು ಒಟ್ಟು 240 ಲ್ಯೂಮೆನ್ ಗಂಟೆ. 40 ಲ್ಯೂಮೆನ್ನಿನಲ್ಲಿ ಉರಿಸಿದರೆ ಆರು ಗಂಟೆ, 20ರಲ್ಲಿ ಹನ್ನೆರಡು ಗಂಟೆ. 400ರಲ್ಲಿ ಉರಿಸಿದರೆ ಲೆಕ್ಕಕ್ಕೆ ಅರ್ಧ ಗಂಟೆಯ ಆಚೀಚೆ, ನಿಜವಾಗಿ ಅದೂ ಇಲ್ಲ, ಅಷ್ಟು ಕರೆಂಟನ್ನು ಒಂದು ಪೆನ್ಸಿಲ್ ಸೆಲ್ ಎಳೆದು ಕೊಡುವುದು ಕಷ್ಟ. ಒಂದು ಮೊಳ ದೂರಕ್ಕೆ 30–40 ಲ್ಯೂಮೆನ್ ಧಾರಾಳ. ಕಾಲುದಾರಿ ನಡೆಯಲೂ ಅಷ್ಟೇ ಸಾಕು.

"ಹಾಗಾದರೆ ಡಬ್ಬಿ ಮೇಲೆ 400 ಲ್ಯೂಮೆನ್, ಗಂಟೆಗಟ್ಟಲೆ ಉರೀತದೆ ಅಂತ ಹೇಗೆ ಬರೀತಾರೆ?"

ಅದಕ್ಕೂ ಕಾರಣ ಉಂಟು. ಎಎನ್‌ಎಸ್‌ಐ ಎಫ್‌ಎಲ್1 ಅನ್ನುವ ಅಮೆರಿಕದ ಮಾನದಂಡವನ್ನೇ ಹೆಚ್ಚಿನ ಕಂಪನಿಗಳು ಹಿಡಿಯುವುದು. ಅದರ ಪ್ರಕಾರ ದೀಪ ಹೊತ್ತಿಸಿ ಅರ್ಧ ನಿಮಿಷದ ಮೇಲೆ ಅಳೆದದ್ದು ಲ್ಯೂಮೆನ್. ಆ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವ ತನಕದ್ದೆಲ್ಲ 'ಉರಿಯುವ ಸಮಯ'. 400ರಿಂದ ಶುರುವಾಗಿ ಕೆಲವೇ ನಿಮಿಷದಲ್ಲಿ 60ಕ್ಕೆ ಇಳಿದು ಅಲ್ಲೇ ಕೂತಿದ್ದರೂ ಗಂಟೆ ಎಣಿಸುತ್ತಲೇ ಇರುತ್ತದೆ. ದೂರದ ಅಂಕಿಯೂ ಹಾಗೆಯೇ. ಬೆಳಕು ಕಾಲು ಲಕ್ಸಿಗೆ, ಅಂದರೆ ಹುಣ್ಣಿಮೆಯ ಬೆಳಕಿನ ಮಟ್ಟಕ್ಕೆ, ಇಳಿಯುವ ತನಕದ ದೂರ ಅದು. ಹರಡುವ ಬೆಳಕಿನ ದೀಪಕ್ಕೆ ಈ ಅಂಕಿ ಸಣ್ಣದಾಗಿಯೇ ಇರುತ್ತದೆ. ಅದನ್ನು ನೋಡಿ ದೀಪ ಕೆಟ್ಟದು ಅಂತ ಬಿಟ್ಟುಬಿಡಬಾರದು. ಡಬ್ಬಿಯಲ್ಲಿ ನಾನು ಹುಡುಕುವುದು ಒಂದನ್ನೇ, ನಡುಮಟ್ಟದ ಬೆಳಕು ಎಷ್ಟು, ಅದು ಇಳಿಯದೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ.

ಇನ್ನು ಸೆಲ್ಲು. ಮೂರು ಸಣ್ಣ (ಎಎಎ) ಸೆಲ್ಲಿನ ಹೆಡ್‌ಲೈಟುಗಳು ಎಲ್ಲ ಕಡೆ ಸಿಗುತ್ತವೆ, ತೂಕದಲ್ಲಿ ಒಂದು ಪೆನ್ಸಿಲ್ ಸೆಲ್ಲಿನದ್ದಕ್ಕಿಂತ ದೊಡ್ಡ ವ್ಯತ್ಯಾಸವೇನಿಲ್ಲ. ಆದರೂ ನಾನು ಒಂದನ್ನೇ ಮೆಚ್ಚುವುದಕ್ಕೆ ಕಾರಣ ಬೇರೆ. ಬೆಳ್ಳನೆಯ ಎಲ್‌ಇಡಿ ಹೊತ್ತಲು ಸುಮಾರು 3 ವೋಲ್ಟ್ ಬೇಕು. ಮೂರು ಸೆಲ್ ಸರಣಿಯಲ್ಲಿ ಕೂರಿಸಿದರೆ ವೋಲ್ಟೇಜ್ ತಾನಾಗಿ ಸಿಗುತ್ತದೆ, ಅಗ್ಗದ ದೀಪಗಳು ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತವೆ, ಸೆಲ್ ಇಳಿದಂತೆ ಬೆಳಕೂ ಇಳಿಯುತ್ತ ಹೋಗುತ್ತದೆ. ಒಂದೇ ಸೆಲ್ಲಿನದ್ದರಲ್ಲಿ ವೋಲ್ಟೇಜ್ ಏರಿಸುವ ಸರ್ಕಿಟ್ ಇರಲೇಬೇಕು. ಅದನ್ನು ಚೆನ್ನಾಗಿ ಮಾಡಿದ್ದರೆ ಕೊನೆಯವರೆಗೂ ಬೆಳಕು ಒಂದೇ ಸಮ ನಿಲ್ಲುತ್ತದೆ. ಮೂರರಲ್ಲಿ ಒಂದು ಸೆಲ್ ಸೋತರೆ ಉಳಿದೆರಡನ್ನೂ ಎಳೆದು ಹಾಕುತ್ತದೆ, ಯಾವುದು ಸೋತದ್ದು ಅಂತ ಕತ್ತಲಲ್ಲಿ ಹುಡುಕುವುದು ಹೇಗೆ? ಒಂದೇ ಇದ್ದರೆ ಆ ಪ್ರಶ್ನೆಯೇ ಇಲ್ಲ.

ದೊಡ್ಡ ಲಿಥಿಯಂ ಸೆಲ್, ಆ 18650 ಅನ್ನುವುದು, ಶಕ್ತಿಯಲ್ಲಿ ನಾಲ್ಕು ಪಟ್ಟು ಮಿಕ್ಕಿದ್ದು ನಿಜ. ಆದರೆ ಅದೊಂದೇ 45 ಗ್ರಾಂ ಮೀರುತ್ತದೆ. ಪೆನ್ಸಿಲ್ ಸೆಲ್ 23ರಿಂದ 30 ಗ್ರಾಂ ಒಳಗೆ. ಒಂದು ಪೆನ್ಸಿಲ್ ಸೆಲ್ಲಿನ ಒಳ್ಳೆಯ ಹೆಡ್‌ಲೈಟ್ ಪಟ್ಟಿ, ಸೆಲ್ ಎಲ್ಲ ಸೇರಿ 80 ಗ್ರಾಮಿನ ಆಚೀಚೆ ಬರುತ್ತದೆ. ಹಣೆ ಬೆವರುವ ಊರಿನಲ್ಲಿ ಈ ಹಗುರವೇ ದೊಡ್ಡ ಸುಖ, ನೆತ್ತಿಯ ಮೇಲೆ ಇನ್ನೊಂದು ಪಟ್ಟಿ ಬೇಕಾಗುವುದಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ತನಕ ಅಲ್ಲಿ ಇಳಿಯುವವರು ದೀಪ ತಲೆಗೆ, ಬ್ಯಾಟರಿ ಸೊಂಟಕ್ಕೆ ಕಟ್ಟುತ್ತಿದ್ದದ್ದೂ ಕುತ್ತಿಗೆಯ ಮೇಲಿನ ಕರುಣೆಯಿಂದಲೇ. ಮತ್ತೆ, ಪೆನ್ಸಿಲ್ ಸೆಲ್ ಸುಳ್ಯದ ಗೂಡಂಗಡಿಯಲ್ಲೂ ಸಿಗುತ್ತದೆ, ಗುಡ್ಡದ ಬುಡದ ಹಳ್ಳಿಯಲ್ಲೂ ಸಿಗುತ್ತದೆ. ಅಲ್ಲಿ ಸಿಗುವ ಅಗ್ಗದ ಜಿಂಕ್ ಸೆಲ್ ಬಹಳ ಹೊತ್ತು ಬಾಳುವುದಿಲ್ಲ, ಅದು ಆಪತ್ತಿಗೆ ಮಾತ್ರ. ದಿನಬಳಕೆಗೆ ಚಾರ್ಜ್ ಮಾಡುವ ನಿಕಲ್ ಸೆಲ್.

ಅಷ್ಟರಲ್ಲಿ ಅಕ್ಕ, ರಾಯರ ಹೆಂಡತಿ, ಒಣಗಿದ ಬಟ್ಟೆ ತೆಗೆಯಲು ಬಂದವರು ಅಲ್ಲೇ ನಿಂತರು. "ಮೊಬೈಲಿನಲ್ಲೇ ಟಾರ್ಚ್ ಉಂಟಲ್ಲ, ಇದೆಲ್ಲ ಎಂತಕ್ಕೆ?" ಅಂದರು. ನಾನು 2005ರ ಜುಲೈ 26ನ್ನು ನೆನಪಿಸಿದೆ. ಒಂದೇ ದಿನದಲ್ಲಿ ಸಾಂತಾಕ್ರೂಜ್‌ನ ಮಾಪಕದಲ್ಲಿ 944 ಮಿಲಿಮೀಟರ್ ಮಳೆ, ನಮ್ಮ ಮಗ್ಗುಲಲ್ಲೇ. ಮಿಲನ್ ಸಬ್‌ವೇ ಮುಳುಗಿತ್ತು, ಕರೆಂಟ್ ಇಲ್ಲ, ಜನ ಕತ್ತಲಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ಅಂಥ ಹೊತ್ತಿನಲ್ಲಿ ಒಂದು ಕೈ ಮಗುವಿಗೆ, ಒಂದು ಕೈ ಹಗ್ಗಕ್ಕೆ. ಫೋನ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಅಕ್ಕನಿಗೆ ನೆನಪಿತ್ತು. "ಹಾಗಾದರೆ ಮನೆಗೂ ಒಂದು ಇರಲಿ," ಅಂದರು. ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಮೀಟರ್ ಕೋಣೆಯಲ್ಲಿ ಫ್ಯೂಸ್ ನೋಡಲೂ ಅದೇ ಬೇಕು. ವಯರಿನ ಕೆಂಪು, ಕಪ್ಪು, ಹಸಿರು ಬೇರೆ ಬೇರೆಯಾಗಿ ಕಾಣಬೇಕಲ್ಲ.

ಮೊಮ್ಮಗಳ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ಹೆಚ್ಚೇ ಮಾತಾಡಿದೆ, ಸಹ್ಯಾದ್ರಿಯ ರಾತ್ರಿ ದಾರಿ ನನಗೆ ಪ್ರಿಯವಾದದ್ದು. ದಾದರಿನಲ್ಲಿ ಇಳಿದು ಕರ್ಜತ್ ಅಥವಾ ಕಸಾರಾ ಲೋಕಲ್ ಹಿಡಿದು ಹೋಗುವ ಹುಡುಗ ಹುಡುಗಿಯರ ಹಣೆಯಲ್ಲಿ ಈಗ ಎಷ್ಟು ಬಗೆಯ ದೀಪ! ಅದರಲ್ಲಿ ಹೆಚ್ಚಿನವು ತೀರಾ ಪ್ರಖರ. ರಾಜ್‌ಮಾಚಿಗೆ ಮೇ ಕೊನೆ, ಜೂನ್ ಮೊದಲಲ್ಲಿ ಜನ ಹೋಗುವುದೇ ಮಿಂಚುಹುಳು ನೋಡಲು. ಆ ಹುಳಗಳಿಗೆ ಮಿಂಚೇ ಜೊತೆಗಾರನನ್ನು ಕರೆಯುವ ಭಾಷೆ. ನಮ್ಮ ದೀಪ ಅದರ ಮೇಲೆ ಬಿದ್ದರೆ ಆ ಮಾತು ಕಡಿದುಹೋಗುತ್ತದೆ. ಮರದ ಹತ್ತಿರ ಹೋಗುವಾಗ ದೀಪ ಆರಿಸಬೇಕು. ಆರಿಸುವ ಮೊದಲು ನಡೆದದ್ದು ಅತಿ ಸಣ್ಣ ಬೆಳಕಿನಲ್ಲಾದರೆ ಕಣ್ಣು ಬೇಗ ಹೊಂದಿಕೊಳ್ಳುತ್ತದೆ, ಇಲ್ಲವಾದರೆ ಕತ್ತಲಿಗೆ ಪೂರಾ ಪಳಗಲು ಅರ್ಧ ಗಂಟೆಯಾದರೂ ಬೇಕು. ಅದಕ್ಕೇ ಒಂದೆರಡು ಲ್ಯೂಮೆನ್ನಿಗೆ ಇಳಿಯುವ ದೀಪವೇ ಬೇಕು, ಒತ್ತಿದ ಕೂಡಲೇ ಸಣ್ಣ ಬೆಳಕಿನಿಂದಲೇ ಶುರುವಾಗುವಂಥದ್ದು.

ಮಳೆಗಾಲದ ಮಂಜಿನಲ್ಲಿ ಹಣೆಯ ದೀಪ ಕೈ ಕೊಡುತ್ತದೆ, ಹರಡುವ ಬೆಳಕಿನದ್ದಂತೂ ಇನ್ನೂ ಹೆಚ್ಚು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟು ಮಂಜಿನ ಹನಿಗೆ ತಾಗಿ ಕಣ್ಣಿಗೇ ಮರಳುತ್ತದೆ, ಮುಂದೆ ಬಿಳಿ ಗೋಡೆ ಎದ್ದಂತೆ. ಆಗ ದೀಪವನ್ನು ಪಟ್ಟಿಯಿಂದ ಬಿಡಿಸಿ ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿಯಬೇಕು. ಮಂಜಿಲ್ಲದಾಗಲೂ ಇದು ಉಪಾಯವೇ. ಹಣೆಯಿಂದ ಬಿದ್ದ ಬೆಳಕು ಕಲ್ಲಿನ ನೆರಳನ್ನು ಕಲ್ಲಿನ ಹಿಂದೆಯೇ ಅಡಗಿಸುತ್ತದೆ, ಗುಂಡಿಯೂ ದಿಣ್ಣೆಯೂ ಒಂದೇ ಸಪಾಟಾಗಿ ಕಾಣುತ್ತವೆ. ಕೆಳಗಿನಿಂದ ಹಿಡಿದರೆ ನೆರಳು ಉದ್ದಕ್ಕೆ ಬೀಳುತ್ತದೆ, ಇಳಿಜಾರಿನಲ್ಲಿ ಕಾಲಿಡುವ ಜಾಗ ಗೊತ್ತಾಗುತ್ತದೆ. ನಮ್ಮ ಹಿರಿಯರು ಯಕ್ಷಗಾನ ಮುಗಿಸಿ ತೆಂಗಿನ ಗರಿಯ ಸೂಟೆ ಬೀಸಿಕೊಂಡು ಗದ್ದೆಯ ಬದುವಿನಲ್ಲಿ ಬರುತ್ತಿದ್ದಾಗ ಬೆಳಕು ಮೊಣಕಾಲಿನ ಹತ್ತಿರವೇ ಇರುತ್ತಿತ್ತು. ಆದ್ದರಿಂದ ಪಟ್ಟಿಯಿಂದ ಸುಲಭವಾಗಿ ಬಿಡಿಸಲು ಬರುವ ದೀಪವನ್ನೇ ಹುಡುಕಬೇಕು.

"ಅಂಗಡಿಯಲ್ಲಿ ನೋಡುವುದು ಹೇಗೆ? ಅಲ್ಲಿ ಟ್ಯೂಬ್‌ಲೈಟಿನ ಜಾತ್ರೆ."

ರಾಯರು ಲೋಹಾರ್ ಚಾಲಿಗೆ ಹೋಗುವವರು, ಕ್ರಾಫರ್ಡ್ ಮಾರ್ಕೆಟಿನ ಪಕ್ಕದ ಆ ವಿದ್ಯುತ್ ಸಾಮಾನಿನ ಗಲ್ಲಿಯಲ್ಲಿ ಬೆಳಕಿಗೆ ಬರವಿಲ್ಲ. ಕೌಂಟರಿನ ಕೆಳಗೋ ಗೋದಾಮಿನ ಮೂಲೆಯಲ್ಲೋ ಕತ್ತಲು ಸಿಗುತ್ತದೆ, ಕೇಳಿದರೆ ಬಿಡುತ್ತಾರೆ. ಹಣೆಗೆ ಕಟ್ಟಿ ದಿನಪತ್ರಿಕೆಯನ್ನು ಪೂರ್ತಿ ಬಿಡಿಸಿ ಒಂದು ಮೊಳ ದೂರದಲ್ಲಿ ಹಿಡಿಯಬೇಕು. ತಲೆ ಅಲ್ಲಾಡಿಸದೆ ನಾಲ್ಕೂ ಮೂಲೆಯ ಅಕ್ಷರ ಓದಲು ಬಂದರೆ ಅದು ನಿಜವಾಗಿ ಹರಡುವ ಬೆಳಕು. ನಡುವೆ ಬೆಳ್ಳನೆ ಚುಕ್ಕೆ, ಸುತ್ತ ಉಂಗುರ ಕಂಡರೆ ಬೇಡ. ಫೋನಿನ ಕ್ಯಾಮೆರಾ ತೆರೆದು ಸಣ್ಣ ಬೆಳಕಿನಲ್ಲಿ ಗೋಡೆ ನೋಡಿದಾಗ ಕಪ್ಪು ಪಟ್ಟೆಗಳು ಓಡಿದರೆ ದೀಪ ಮಿನುಗುತ್ತಿದೆ ಅಂತ ಅರ್ಥ, ಗಂಟೆಗಟ್ಟಲೆ ಕೆಲಸ ಮಾಡುವವರ ಕಣ್ಣು ನೋಯುತ್ತದೆ. ದೀಪ ಕೆಳಕ್ಕೆ ಬಾಗಬೇಕು, ಬಾಗಿಸಿದಲ್ಲೇ ನಿಲ್ಲಬೇಕು. ಎದುರಿನವರ ಜೊತೆ ಮಾತಾಡುವಾಗ ಕೆಳಗೆ ಬಾಗಿಸುವುದು ಮರ್ಯಾದೆಯೂ ಹೌದು. ಮಳೆಗೆ ಐಪಿಎಕ್ಸ್4 ಸಾಕು. ನೀರಿಗೆ ಬೀಳುವ ಭಯ ಇದ್ದರೆ ಐಪಿಎಕ್ಸ್7, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂಥದ್ದು.

ಸೆಲ್ ಸೋರುವ ಬಗ್ಗೆಯೂ ಹೇಳಿದೆ. ಮೂಲೆಯಲ್ಲಿ ಇಟ್ಟು ಮರೆತ ದೀಪದಲ್ಲಿ ಆಲ್ಕಲೈನ್ ಸೆಲ್ ಸೋರಿ ಬಿಳಿ ಹುಡಿ ಕಟ್ಟಿ ಸ್ಪ್ರಿಂಗ್ ತಿಂದುಬಿಡುತ್ತದೆ. ಬಳಸದಾಗ ಸೆಲ್ ಹೊರಗೆ. ಚೀಲದಲ್ಲಿ ಒಯ್ಯುವಾಗ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲಿಸಿದರೆ ಹೆಚ್ಚಿನ ಲೋಹದ ದೀಪಗಳಲ್ಲಿ ಸರ್ಕಿಟ್ ಕಡಿಯುತ್ತದೆ, ತಾನಾಗಿ ಹೊತ್ತಿ ಸೆಲ್ ಖಾಲಿಯಾಗುವ ಪ್ರಮೇಯ ಇಲ್ಲ. ಸೆಲ್ ಬದಲಿಸುವುದನ್ನು ಮಾತ್ರ ಹುಡುಗಿ ಮನೆಯಲ್ಲೇ, ದೀಪ ಆರಿಸಿ, ಕಣ್ಣು ಮುಚ್ಚಿ ಕಲಿತು ಹೋಗಲಿ. ಉಬ್ಬು ಇರುವ ತುದಿ ಯಾವ ಕಡೆಗೆ ಅಂತ ಬೆರಳಿಗೆ ಗೊತ್ತಿರಬೇಕು.

ರಾಯರು ಜೇಬಿನ ಚೀಟಿಯಲ್ಲಿ ಬರೆದುಕೊಂಡರು. "ಹಾಗಾದರೆ ದೀಪ ಮೂರು, ಸೆಲ್ ಆರು, ಚಾರ್ಜರ್ ಒಂದು."

"ಚಾರ್ಜರ್ ಎರಡು ರಾಯರೇ. ಒಂದು ಸುಳ್ಯಕ್ಕೆ ಹೋಗಬೇಕಲ್ಲ."