ಫ್ಲಾರಿಡಾದ ಗಬ್ಬದ ಹಂದಿಯಮ್ಮನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಹಂದಿಯಮ್ಮನವರೇ,

ಅಮೆರಿಕದ ಫ್ಲಾರಿಡಾ ರಾಜ್ಯದ ಸಂವಿಧಾನದಲ್ಲಿ ತಮಗೊಂದು ಸೆಕ್ಷನ್ನೇ ಮೀಸಲಿರುವುದು ನಮ್ಮೂರ ಬೀದಿಗಳಲ್ಲಿ ಅಲೆಯುವ ತಮ್ಮ ಬಂಧುಗಳಿಗೆ ಗೊತ್ತಿದ್ದಂತಿಲ್ಲ. ಅದಕ್ಕೇ ಈ ಪತ್ರ ಬಹಿರಂಗ.

2002ರ ನವೆಂಬರಿನಲ್ಲಿ ಆ ರಾಜ್ಯದ ಜನ ಮತಗಟ್ಟೆಗೆ ಹೋಗಿ, ಗಬ್ಬದ ಹಂದಿಯನ್ನು ಮೈ ತಿರುಗಿಸಲೂ ಆಗದಂತೆ ಪಂಜರದಲ್ಲಿ ಕೂಡಿಹಾಕಬಾರದೆಂದು ಸಂವಿಧಾನವನ್ನೇ ತಿದ್ದಿದರು. ಹತ್ತನೇ ವಿಧಿ, 21ನೇ ಸೆಕ್ಷನ್: ತಮ್ಮ ಖಾಯಂ ವಿಳಾಸ. ಅಂಥ ಪಂಜರ ಇಟ್ಟುಕೊಂಡಿದ್ದವರು ರಾಜ್ಯದಲ್ಲಿ ಬೆರಳೆಣಿಕೆಯಷ್ಟೇ, ಇರಲಿ. ತಮಗೆ ಬಿದ್ದ ಮತ ಸುಮಾರು ಶೇ. 55. ಆಗ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೂ ಸಾಕಿತ್ತು.

ಹಂದಿಗೂ ಬುಲೆಟ್ ರೈಲಿಗೂ ಸಂವಿಧಾನವೇ ಬೇಕೇ ಎಂದು ದೊಡ್ಡವರು ಹುಯಿಲೆಬ್ಬಿಸಿದರು. (ರೈಲನ್ನು 2000ದಲ್ಲಿ ಸಂವಿಧಾನಕ್ಕೆ ಹತ್ತಿಸಿ, 2004ರಲ್ಲಿ ಇಳಿಸಿದ್ದೂ ಮತದಾರರೇ.) 2006ರಲ್ಲಿ ಶಾಸಕರು ಹೊಸದೊಂದು ತಿದ್ದುಪಡಿ ಮುಂದಿಟ್ಟರು: ಇನ್ನು ತಿದ್ದುಪಡಿಯೆಂದರೆ ಕನಿಷ್ಠ ಶೇ. 60 ಮತ. ಪಾಸಾಯಿತು. ಎಷ್ಟು ಮತದಿಂದ ಗೊತ್ತೇ? ಶೇ. 57.8! ತನಗೇ ಹಾರಲಾಗದ ಬೇಲಿಯನ್ನು ಮಿಕ್ಕವರಿಗೆ ಕಟ್ಟಿಕೊಟ್ಟಿತು.

ಬೇಲಿ ಬಂದ ಮೇಲಾದರೂ ಒಳಗೆ ಅಚ್ಚುಕಟ್ಟಾಯಿತೇ? 2018ರಲ್ಲಿ ಕಡಲಲ್ಲಿ ಎಣ್ಣೆಬಾವಿ ಕೊರೆಯಬಾರದು ಮತ್ತು ಕಚೇರಿಯೊಳಗೆ ಇ-ಸಿಗರೇಟು ಸೇದಬಾರದು ಎಂಬೆರಡನ್ನೂ ಒಂದೇ ಪ್ರಶ್ನೆಯಾಗಿ ಕಟ್ಟಿ ಕೇಳಿದರು. ಸಲೀಸಾಗಿ ಗೆದ್ದಿತು.

2024ರ ನವೆಂಬರಿನಲ್ಲಿ ಹೆಂಗಸರ ಸರದಿ. ಆರು ವಾರ ದಾಟಿದರೆ ಗರ್ಭಪಾತಕ್ಕೆ ಬಹುಪಾಲು ನಿಷೇಧವಿರುವ ರಾಜ್ಯ ಅದು. ಗರ್ಭಪಾತದ ಹಕ್ಕನ್ನು ಸಂವಿಧಾನದಲ್ಲಿ ಬರೆಯಿರೆಂದು ಕೇಳಿದರು. ಬಿದ್ದ ಮತ ಶೇ. 57. ತಮಗಿಂತ ಎರಡು ಹೆಚ್ಚು. ಸೋತರು. ಗರ್ಭಪಾತದ ಸರಿ-ತಪ್ಪಿನ ಜಗಳಕ್ಕೆ ತುಂಬಿದ ಬಸುರಿಯಾದ ತಮ್ಮನ್ನು ಎಳೆಯಲಾರೆ. ನನ್ನ ತಕರಾರು ಲೆಕ್ಕದ್ದು ಮಾತ್ರ.

ನಮ್ಮ ದೇಶದಲ್ಲಿ ಈ ತಾಪತ್ರಯವಿಲ್ಲ. ಸಂವಿಧಾನಕ್ಕೆ ನೂರಕ್ಕೂ ಹೆಚ್ಚು ತಿದ್ದುಪಡಿಗಳಾಗಿವೆ, ಒಂದಕ್ಕೂ ನಮ್ಮ ಮತ ಕೇಳಿಲ್ಲ.

ತಾವು ಮಾತ್ರ ನಿಶ್ಚಿಂತೆಯಿಂದಿರಿ. ತಮ್ಮನ್ನು ಹೊರಹಾಕಲೂ ಈಗ ಶೇ. 60 ಬೇಕು. ಶೇ. 60ರ ನಿಯಮವನ್ನು ತೆಗೆಯಲೂ ಅಷ್ಟೇ ಬೇಕು.

ಇಂತಿ,
ತಮ್ಮ ಅಭಿಮಾನಿ