ಓಡಾಟಕ್ಕೆ ಇನ್ಶೂರೆನ್ಸ್ ಇಲ್ಲ

ನಮ್ಮ ಮನೆದೇವರು ಮಾಲೇಕಲ್ಲು ತಿರುಪತಿಯ ವೆಂಕಟರಮಣ. ಆದರೆ ಮನೆಯಲ್ಲಿ ಎಲ್ಲರೂ ಭಯಭಕ್ತಿಯಿಂದ ಮುಟ್ಟುವುದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುವ ಸೀರೆ ಅಂಗಡಿಯ ಕವರನ್ನು. ಅದರೊಳಗೆ ಮನೆಮಂದಿಯ ಇಪ್ಪತ್ತು ವರ್ಷದ ಕಾಯಿಲೆ ಇದೆ. ಅವ್ವನ ಶುಗರ್ ರಿಪೋರ್ಟು, ಹೆಂಡತಿಯ ಥೈರಾಯ್ಡ್ ಚೀಟಿ, ಮಗಳು ಮೂರನೇ ಕ್ಲಾಸಿನಲ್ಲಿ ಕೈ ಮುರಿದುಕೊಂಡಾಗಿನ ಎಕ್ಸ್‌ರೇ, ಜೊತೆಗೆ ಯಾರದೆಂದು ಯಾರಿಗೂ ನೆನಪಿಲ್ಲದ ಒಂದು ಸ್ಕ್ಯಾನಿಂಗ್ ಫಿಲ್ಮು. ಅದನ್ನು ಎಸೆಯೋಣವೆಂದರೆ ಅವ್ವ ಬಿಡುವುದಿಲ್ಲ. ‘ಇರ್ಲಿ ಬಿಡ್ಲಾ, ಯಾರಿಗಾದ್ರೂ ಆಯ್ತದೆ’ ಅನ್ನುತ್ತಾಳೆ, ಹಳೇ ಸ್ವೆಟರಿನ ಬಗ್ಗೆ ಹೇಳುವ ಹಾಗೆ.

ಆ ಕವರಿಗೆ ನಾನೇ ಅರ್ಚಕ. ನಮ್ಮ ಅರಸೀಕೆರೆ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಬಂದವರು ಕೇಳುವ ಮೊದಲ ಮಾತು ‘ಹೆಂಗವ್ರೆ?’ ಎರಡನೆಯದು ‘ಓಡಾಡೋಕೆ ಯಾರವ್ರೆ?’ ಡಾಕ್ಟರು ಯಾರು ಅನ್ನುವುದು ಮೂರನೆಯ ಪ್ರಶ್ನೆ. ಓಡಾಡುವವನು ಅಂದರೆ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುವವನು, ರಕ್ತದ ಬಾಟಲಿ ಹಿಡಿದು ಲ್ಯಾಬಿಗೆ ಹೋಗುವವನು, ‘ಪೇಶೆಂಟ್ ಕಡೆಯೋರು ಯಾರ್ರೀ?’ ಎಂದು ಕೂಗಿದಾಗ ಬಾಯಲ್ಲಿದ್ದ ಇಡ್ಲಿ ನುಂಗದೆ ಓಡಿಬರುವವನು. ನಮ್ಮ ವಂಶದಲ್ಲಿ ಆ ಪಟ್ಟ ನನ್ನದು. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನು ಫೋನಿನಲ್ಲಿ ಓಡಾಡುತ್ತಾನೆ.

ಕವರಿನ ಗರ್ಭಗುಡಿಯಲ್ಲಿ ಮೂರು ಕಾರ್ಡುಗಳಿವೆ. ಮೊದಲನೆಯದು ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಯೋಚನೆಯಿಂದ ಹುಟ್ಟಿ, 2003ರಲ್ಲಿ ಸಹಕಾರ ಸಂಘದ ರೈತರಿಗೆಂದು ಶುರುವಾದಾಗ ವರ್ಷಕ್ಕೆ ತಲಾ 60 ರೂಪಾಯಿ. ತಿಂಗಳಿಗೆ 5 ರೂಪಾಯಿ, ಅಂದರೆ ಅಪ್ಪನ ಎರಡು ದಿನದ ಬೀಡಿ. ಹಾಲಿನ ಡೈರಿಯಲ್ಲಿ ಹೆಸರು ಬರೆಸಿ ಬಂದ ಅಪ್ಪ ‘ಇನ್ಮೇಲೆ ಹಾರ್ಟ್ ಆಪರೇಷನ್ ಬೇಕಾದ್ರೂ ಮಾಡಿಸ್ಕೊಳ್ಳಿ’ ಎಂದು ಮನೆಮಂದಿಗೆಲ್ಲ ಉದಾರವಾಗಿ ಅಪ್ಪಣೆ ಕೊಟ್ಟಿದ್ದರು. ಕಟ್ಟಿದ ಅಷ್ಟೂ ವರ್ಷ ನಮಗೆ ಒಂದು ಕೆಮ್ಮೂ ಬರಲಿಲ್ಲ. 2018ರಲ್ಲಿ ಯೋಜನೆ ನಿಂತಿತು; ಅಪ್ಪನ ಮಂಡಿ ಅದನ್ನೇ ಕಾಯುತ್ತಿತ್ತೋ ಏನೋ, ಆ ವರ್ಷವೇ ಕೈಕೊಟ್ಟಿತು. ಈಗ ಮತ್ತೆ ಶುರುವಾಗಿದೆ, ಹಳ್ಳಿಯ ನಾಲ್ಕು ಮಂದಿಯ ಕುಟುಂಬಕ್ಕೆ 500 ರೂಪಾಯಿ. ಪ್ರತಿ ವರ್ಷ ಗಡುವಿನೊಳಗೆ ಕಟ್ಟಬೇಕು. ಹೋದ ವರ್ಷ ಗಡುವು ಮುಗಿದ ಮಾರನೇ ದಿನ ನನಗೆ ನೆನಪಾಯಿತು.

ಎರಡನೆಯದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜು ದರದ ಶೇ 30, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕು. ಮೂರನೆಯದು ತಮ್ಮ ಮಾಡಿಸಿದ ಖಾಸಗಿ ಪಾಲಿಸಿ. ಅದನ್ನು ಮಾಡಿಕೊಟ್ಟ ಏಜೆಂಟು ನಮಗೆ ದೂರದ ನಂಟ. ಈ ಅವಸರದ ಮನುಷ್ಯ ಮನೆಗೆ ಬಂದು ಕಾಫಿ ಕುಡಿಯುತ್ತ ಅರ್ಜಿಯ ಕಾಲಂಗಳಿಗೆಲ್ಲ ಅಡ್ಡಡ್ಡಲಾಗಿ ‘ಇಲ್ಲ, ಇಲ್ಲ, ಇಲ್ಲ’ ಎಂದು ಬರೆದುಕೊಂಡ. ಬಿಪಿ ಇಲ್ಲ, ಶುಗರ್ ಇಲ್ಲ, ಆಸ್ತಮಾ ಇಲ್ಲ. ‘ಅದೆಲ್ಲಾ ಫಾರ್ಮಾಲಿಟಿ ಅಣ್ಣ’ ಅಂದ. ಅವ್ವ ಆ ಹೊತ್ತಿನಲ್ಲಿ ಒಳಗೆ ಅವನಿಗಾಗಿ ಕೋಡುಬಳೆ ಹುಡುಕುತ್ತಿದ್ದಳು. ಹೊರಗಿದ್ದಿದ್ದರೆ ಈ ಹರಟೆಗೆ ವಸ್ತುವೇ ಇರುತ್ತಿರಲಿಲ್ಲ.

ಮೂರು ಕಾರ್ಡುಗಳನ್ನು ಸಾಲಾಗಿಟ್ಟರೆ ಮೂವರು ಬೇರೆ ಬೇರೆ ಹೆಂಗಸರು ಕಾಣುತ್ತಾರೆ. ಅವ್ವನ ಹೆಸರಿನ ಕೊನೆಯ ‘ಅಮ್ಮ’ ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಇನಿಶಿಯಲ್ಲು ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಪಾಲಿಸಿಯಲ್ಲಿ ನಾಪತ್ತೆ. ಹುಟ್ಟಿದ ದಿನ ಮಾತ್ರ ಮೂರರಲ್ಲೂ ಒಂದೇ: ಜನವರಿ 1. ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ಬಹುಪಾಲು ಮಂದಿ ಜನವರಿ 1ಕ್ಕೇ ಹುಟ್ಟಿದ್ದಾರೆ. ಆ ದಿನ ಸೂಲಗಿತ್ತಿಯ ಗತಿ ಏನಾಗಿರಬೇಡ!

ಇಂತಿಪ್ಪ ಕಾಲದಲ್ಲಿ, ಕಳೆದ ವರ್ಷ ಒಂದು ಭಾನುವಾರ, ನೆಂಟರ ಮನೆಯ ಬೀಗರೂಟ ಮುಗಿಸಿ ಬಂದ ಅವ್ವ ಹೊಟ್ಟೆ ಹಿಡಿದುಕೊಂಡಳು. ಊರ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ‘ಗಾಲ್‌ಬ್ಲಾಡರಲ್ಲಿ ಕಲ್ಲು’ ಅಂದರು. ಅವ್ವನಿಗೆ ಕಾರಣ ತಟ್ಟನೆ ಹೊಳೆಯಿತು. ‘ಮಾಲೇಕಲ್ಲಿಗೆ ಹೋಗಿ ಮೂರು ವರ್ಸ ಆಯ್ತಲ್ಲ. ನಾವು ಕಲ್ಲತ್ರ ಹೋಗ್ಲಿಲ್ಲ, ಕಲ್ಲೇ ನಮ್ಮತ್ರ ಬಂತು.’ ನೋವಿನಲ್ಲೇ ಕೈಮುಗಿದು, ವಾಸಿಯಾದರೆ ಬೆಟ್ಟ ಹತ್ತಿಸುತ್ತೇನೆಂದು ಹರಕೆ ಹೊತ್ತಳು. ‘ಹತ್ತುತ್ತೇನೆ’ ಅನ್ನಲಿಲ್ಲ, ‘ಹತ್ತಿಸುತ್ತೇನೆ’ ಅಂದಳು. ಆ ಒಂದು ಅಕ್ಷರದ ವ್ಯತ್ಯಾಸ ಆಗ ನಾನು ಗಮನಿಸಲಿಲ್ಲ. ಷರತ್ತುಗಳನ್ನು ಓದದೆ ಸಹಿ ಹಾಕುವುದು ನಮ್ಮ ಮನೆಯ ಹಳೇ ಚಾಳಿ.

ಹಾಸನಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರು. ಅಲ್ಲಿನ ಒಂದು ಆಸ್ಪತ್ರೆಗೆ ಹೋದೆವು. ಹೆಸರು ಹೇಳುವುದಿಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಾದೀತು. ಅವ್ವ ‘ಅಯ್ಯಪ್ಪಾ’ ಎನ್ನುತ್ತ ಗಾಲಿಕುರ್ಚಿಯಲ್ಲಿ ಕೂತಿದ್ದರೆ ಕೌಂಟರಿನ ಹುಡುಗಿ ಕೇಳಿದ್ದು ‘ಯಾವ ಸ್ಕೀಮು ಸರ್?’ ನಾನು ಇಸ್ಪೀಟು ಹರಡುವವನ ಹಾಗೆ ಮೂರನ್ನೂ ಹರಡಿದೆ. ಯಶಸ್ವಿನಿ ಈ ವರ್ಷ ಚಾಲ್ತಿಯಲ್ಲಿಲ್ಲ. ಆಯುಷ್ಮಾನ್‌ಗೆ ರೆಫರಲ್ ಚೀಟಿ ಬೇಕು, ಇವತ್ತು ಭಾನುವಾರ. ಉಳಿದದ್ದು ತಮ್ಮನ ಪಾಲಿಸಿ. ‘ಕ್ಯಾಶ್‌ಲೆಸ್ ಆಗುತ್ತೆ’ ಅಂದಳು. ಆ ಪದ ಕಿವಿಗೆ ಎಷ್ಟು ತಂಪು! ನಮ್ಮ ಮನೆ ತಿಂಗಳ ಕೊನೆಯಲ್ಲಿ ಯಾವಾಗಲೂ ಕ್ಯಾಶ್‌ಲೆಸ್ಸೇ. ಅದಕ್ಕೂ ಒಂದು ಗೌರವ ಇದೆಯೆಂದು ಅವತ್ತೇ ಗೊತ್ತಾಗಿದ್ದು.

ಪಿತ್ತಕೋಶದ ಕಲ್ಲಿಗೆ ಎರಡು ವರ್ಷ ಕಾಯಬೇಕೆಂಬ ಷರತ್ತು ಪಾಲಿಸಿಯಲ್ಲಿತ್ತು, ಅದು ಮುಗಿದಿತ್ತು. ಮೊದಲ ಕಂತಿನ ಒಪ್ಪಿಗೆ ಬಂತು. ಆಪರೇಷನ್ನೂ ಸಲೀಸಾಯಿತು. ಕಲ್ಲುಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅವ್ವ ಅವನ್ನು ಅಲ್ಲಾಡಿಸಿ ಪಕ್ಕದ ಬೆಡ್ಡಿನವರಿಗೆಲ್ಲ ಸದ್ದು ಕೇಳಿಸಿದಳು.

ಎಡವಟ್ಟಾದದ್ದು ಆಮೇಲೆ. ಎಳೆಯ ವಯಸ್ಸಿನ ಡಾಕ್ಟರೊಬ್ಬರು ಬಂದು, ‘ಅಜ್ಜಿ, ಶುಗರ್ ಇದೆಯಾ?’ ಅಂದರು. ಇಷ್ಟು ಪ್ರೀತಿಯಿಂದ ಯಾರಾದರೂ ತನ್ನ ಬಗ್ಗೆ ಕೇಳಿ ಎಷ್ಟು ದಿನವಾಗಿತ್ತೋ, ಅವ್ವ ಅರಳಿಬಿಟ್ಟಳು. ‘ಇಲ್ದೆ ಏನಪ್ಪ! ಇಪ್ಪತ್ತು ವರ್ಸದಿಂದ ಐತೆ. ನಮ್ಮ ಬೀದೀಲಿ ಮೊದ್ಲು ಬಂದಿದ್ದೇ ನಂಗೆ’ ಅಂದಳು. ನಾನು ಹಿಂದೆ ನಿಂತು ಕಣ್ಣು, ಹುಬ್ಬು, ಕೈ ಎಲ್ಲ ಅಲ್ಲಾಡಿಸಿದೆ. ಅವ್ವ ನನ್ನತ್ತ ನೋಡಿ, ‘ಯಾಕ್ಲಾ ಹಂಗ್ ಕುಣೀತಿದೀಯ, ನಿಂಗೇನಾಯ್ತು?’ ಎಂದು ಗದರಿ, ಡಾಕ್ಟರಿಗೆ ತನ್ನ ಎರಡನೇ ಹೆರಿಗೆಯ ವೃತ್ತಾಂತವನ್ನೂ ಬರೆಸಿದಳು.

ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ ‘ಹೋಗಬಹುದು’ ಅಂದರು. ಹತ್ತಕ್ಕೆಲ್ಲ ಅವ್ವ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಮಂಚದ ಅಂಚಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಕಾಯುವವಳ ಹಾಗೆ ಕೂತಳು. ಕೈಯಲ್ಲಿ ಇನ್ನೂ ಸೂಜಿ ಚುಚ್ಚಿದ್ದ ಪಟ್ಟಿ. ಹನ್ನೆರಡಾಯಿತು, ಎರಡಾಯಿತು. ‘ಫೈಲು ಹೋಗಿದೆ.’ ನಾಲ್ಕಾಯಿತು. ‘ಕ್ವೆರಿ ಬಂದಿದೆ.’ ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಒಂದು ಸುತ್ತೋಲೆ ಹೊರಡಿಸಿದೆ: ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ ಉತ್ತರ ಕೊಡಬೇಕು, ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು, ತಡವಾದರೆ ಆಸ್ಪತ್ರೆಯ ಹೆಚ್ಚುವರಿ ಖರ್ಚು ಕಂಪನಿಯದೇ. ಇದನ್ನು ನಾನು ಮೊಬೈಲಿನಲ್ಲಿ ಕೌಂಟರಿನ ಹುಡುಗಿಗೆ ತೋರಿಸಿದೆ. ಅವಳು ಪೂರ್ತಿ ಓದಿ, ‘ಚೆನ್ನಾಗಿದೆ ಸರ್’ ಅಂದಳು.

ರೋಗಿ ವಾಸಿಯಾಗಿದ್ದಳು, ಬಿಲ್ಲು ಮಾತ್ರ ಇನ್ನೂ ಐಸಿಯುನಲ್ಲಿತ್ತು. ಸಂಜೆ ಏಳಕ್ಕೆ ಉತ್ತರ ಬಂತು. ಇಪ್ಪತ್ತು ವರ್ಷದ ಶುಗರನ್ನು ಅರ್ಜಿಯಲ್ಲಿ ತಿಳಿಸಿಲ್ಲ, ಆದ್ದರಿಂದ ಕ್ಯಾಶ್‌ಲೆಸ್ ಇಲ್ಲ. ಹಣ ಕಟ್ಟಿ, ಆಮೇಲೆ ಅರ್ಜಿ ಹಾಕಿ. ಪಾಲಿಸಿ 60 ತಿಂಗಳು ನಿರಂತರ ನಡೆದಿದ್ದರೆ, ಸಾಬೀತಾದ ವಂಚನೆ ಬಿಟ್ಟು, ‘ನೀವು ಅದನ್ನು ಹೇಳಲಿಲ್ಲ’ ಎಂಬ ತಕರಾರು ಎತ್ತುವಂತಿಲ್ಲವೆಂದು ನಿಯಮವಿದೆ. ಮೊದಲು 8 ವರ್ಷವಿದ್ದದ್ದನ್ನು 2024ರಲ್ಲಿ 5ಕ್ಕೆ ಇಳಿಸಿದರು. ನಮ್ಮ ಪಾಲಿಸಿಗೆ 56 ತಿಂಗಳು. ಅವ್ವನ ಕಲ್ಲು ಇನ್ನು ನಾಲ್ಕು ತಿಂಗಳು ತಾಳ್ಮೆ ತೋರಿಸಿದ್ದರೆ ಆಗುತ್ತಿತ್ತು. ಇಲ್ಲವೇ ಏಜೆಂಟು ಇನ್ನೊಂದು ಲೋಟ ಕಾಫಿ ಕುಡಿದು ಒಂದೇ ಒಂದು ಕಡೆ ‘ಇದೆ’ ಎಂದು ಬರೆದಿದ್ದರೂ ಸಾಕಿತ್ತು. ಅವನನ್ನು ಬೈಯಲೂ ಬಾಯಿ ಬರಲಿಲ್ಲ. ಕೆಳಗೆ ಸಹಿ ಹಾಕಿಸಿದವನು ನಾನೇ.

ಕಾಯುವುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ ಬಿಡಿ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿದರೆ ಹತ್ತು-ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಉಂಡೆ ಲೊಡಲೊಡ ಅನ್ನಬೇಕು. ಆಗ ಅದು ಕೊಬ್ಬರಿ. ಅರಸೀಕೆರೆ, ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದೇ. ಈ ಅಟ್ಟವೇ ನಮ್ಮ ತಾತಂದಿರ ಪಾಲಿಸಿ: ಮದುವೆ, ಮುಂಜಿ, ಆಪರೇಷನ್ ಯಾವುದಕ್ಕಾದರೂ ಏಣಿ ಹಾಕಿ ಇಳಿಸುವುದೊಂದೇ. ಆ ಸಲ ನಮ್ಮ ಕಾಯಿಗಳಿನ್ನೂ ಲೊಡಗುಟ್ಟುತ್ತಿರಲಿಲ್ಲ. ಕೊಬ್ಬರಿ ಮಂಡಿಯವರ ಹತ್ತಿರ ಮುಂಗಡ ತಂದು ಬಿಲ್ಲು ಕಟ್ಟಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಮ್ಮ ಹೆಂಗವ್ರೆ?’ ಹೆಸರಿನ ಕೊನೆಯ ‘ಅಮ್ಮ’ ಉಂಟೋ ಇಲ್ಲವೋ ಎಂದು ಕೇಳಲಿಲ್ಲ.

ಹಿಂದಿನ ಬೀದಿಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ದಾರಿ ತೋರಿಸಿದರು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅವ್ವ ಒಳಗಿಂದಲೇ, ‘ಯಾರಪ್ಪ ಅವ್ರು ಒಂಬತ್ತು ಮಂದಿ?’ ಅಂದಳು. ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಶುಗರಿಗೂ ಈ ಆಪರೇಷನ್ನಿಗೂ ಸಂಬಂಧವಿಲ್ಲವೆಂದು ಡಾಕ್ಟರಿಂದ ಪತ್ರ ತಂದೆ, ದೂರು ಬರೆದೆ, ಮೂರು ಸಲ ಹಾಸನಕ್ಕೆ ಹೋಗಿಬಂದೆ. ಹಣ ಬಂತು, ಒಂದಿಷ್ಟು ಮುರಿದುಕೊಂಡು. ಕೈಗವಸು, ಮಾಸ್ಕು, ಕಿಡ್ನಿ ಟ್ರೇ ಕೊಡಲಾಗದವುಗಳ ಪಟ್ಟಿಯಲ್ಲಿವೆಯಂತೆ. ಕಲ್ಲು ತೆಗೆದದ್ದಕ್ಕೆ ಕೊಡುತ್ತಾರೆ, ತೆಗೆದ ಕೈಗೆ ಹಾಕಿಕೊಂಡಿದ್ದಕ್ಕೆ ಇಲ್ಲ. ಅವ್ವನ ಆಕ್ಷೇಪ ಬೇರೆಯೇ: ‘ಟ್ರೇ ದುಡ್ಡು ನಾವ್ ಕೊಟ್ಟಿದ್ರೆ ಟ್ರೇ ಎಲ್ಲಿ?’

ಆ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದೆ. ನನ್ನ ಮೂರು ಸಲದ ಓಡಾಟ, ಕೌಂಟರಿನೆದುರು ಕಾದ ಹೊತ್ತು, ಆಸ್ಪತ್ರೆ ಬೆಂಚಿನ ಮೇಲೆ ಮಲಗಿ ಹಿಡಿದ ಕತ್ತು, ಇದ್ಯಾವುದೂ ಕೊಡದವುಗಳ ಪಟ್ಟಿಯಲ್ಲೂ ಇಲ್ಲ. ಕೊಡುವುದಿಲ್ಲ ಅನ್ನುವುದಕ್ಕಾದರೂ ಇದೆಯೆಂದು ಒಪ್ಪಬೇಕಲ್ಲ!

ಭಯಕ್ಕೂ ಹಾಗೆಯೇ, ಇನ್ಶೂರೆನ್ಸ್ ಇಲ್ಲ. 2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ ಜನರಲ್ಲಿ ನಾನೂ ಒಬ್ಬ. ನನ್ನನ್ನು ಕಳಿಸಿದ್ದು ಒಂದು ತೇಗು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆ ಇಲ್ಲವೆಂದು ಹೇಳಿದ ಮೇಲೆ ಜಿಲ್ಲೆ ಎದೆಯ ಮೇಲಿನ ಕೈ ತೆಗೆಯಿತು. ನನಗೆ ಇಸಿಜಿ ಮಾಡಿ, ಬಿಪಿ ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು. ಆ ಖರ್ಚು ಯಾರೂ ಕೊಡಲಿಲ್ಲ. ಪಾಲಿಸಿ ಇದ್ದವರಿಗೂ ಇಪ್ಪತ್ತನಾಲ್ಕು ಗಂಟೆ ಮಲಗಿಸಿಕೊಂಡಿದ್ದರಷ್ಟೇ ಕೊಡುವುದಂತೆ. ಹೆದರುವುದಾದರೆ ಪೂರ್ತಿ ಒಂದು ದಿನ ಹೆದರಬೇಕು.

ಕೊನೆಗೆ ಹರಕೆಯ ದಿನ ಬಂತು. ಮಾಲೇಕಲ್ಲಿನಲ್ಲಿ ಆಷಾಢದ ತೇರಿಗೆ ಜನಜಂಗುಳಿ. ಅದು ಬೇಡವೆಂದು ಅದಕ್ಕೂ ಮೊದಲೇ ಹೋದೆವು. ಅವ್ವ ಬೆಟ್ಟದ ಬುಡದಲ್ಲಿ ನೆರಳು ನೋಡಿ ಕೂತು, ‘ಹೋಗ್ಬಾ’ ಅಂದಳು. ಹರಕೆ ಅವಳದು, ಮಂಡಿ ನನ್ನದು. ಸಾವಿರಕ್ಕೂ ಮಿಕ್ಕ ಮೆಟ್ಟಿಲು. ಅರ್ಧದಲ್ಲಿ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿರುವಾಗ ತಮ್ಮ ಫೋನು ಮಾಡಿದ. ‘ಅಣ್ಣ, ಹೋದ ಸೆಪ್ಟೆಂಬರಿಂದ ಹೆಲ್ತ್ ಪಾಲಿಸಿಗೆ ಶೇ 18 ಜಿಎಸ್‌ಟಿ ತೆಗ್ದಿದಾರೆ. ಎಲ್ಲರ್ದೂ ಆಯ್ತು, ನಿಂದೇ ಇಲ್ಲ. ಒಂದು ಮಾಡ್ಸು.’ ಮೇಲೆ ಹೋಗಿ ಕೈಮುಗಿದು ನಿಂತಾಗ ನಾನು ಯೋಚಿಸಿದ್ದು ಅದನ್ನೇ: ನಾನು ಮಲಗಿದರೆ ಓಡಾಡೋಕೆ ಯಾರವ್ರೆ?

ಮನೆಗೆ ಬಂದಾಗ ಮಗಳು ಮೊಳೆಯಿಂದ ಕವರನ್ನು ಇಳಿಸಿಕೊಂಡು, ಚೀಟಿಗಳನ್ನೆಲ್ಲ ಜಗಲಿಯ ಮೇಲೆ ಹರಡಿ, ಒಬ್ಬೊಬ್ಬರದನ್ನು ಬೇರೆ ಮಾಡಿ ದಿನಾಂಕದ ಪ್ರಕಾರ ಪಿನ್ ಹೊಡೆಯುತ್ತಿದ್ದಳು. ಚಿಕ್ಕಪ್ಪ ಕಳಿಸಿದ ಅರ್ಜಿ ಅವಳ ಮೊಬೈಲಿನಲ್ಲಿ ತೆರೆದಿತ್ತು.

‘ಅಪ್ಪ, ಬಿಪಿ ಇದೆಯಾ?’

ಬೆಟ್ಟ ಹತ್ತಿ ಇಳಿದ ಸುಸ್ತು. ಬಾಯಿಗೆ ಬಂದದ್ದು ಆ ನಂಟನ ಮಾತೇ. ‘ಇಲ್ಲ ಅಂತ ಹಾಕಮ್ಮ. ಅದೆಲ್ಲಾ ಫಾರ್ಮಾಲಿಟಿ.’

ಅಡುಗೆಮನೆಯಿಂದ ಅವ್ವನ ದನಿ ಬಂತು: ‘ಐದು ವರ್ಸದಿಂದ ಐತೆ ಕಣೇ ಅವನಿಗೆ. ಬರ್ಕೋ! ಮಾತ್ರೇನೂ ಸರಿಯಾಗ್ ನುಂಗಲ್ಲ, ಅದ್ನೂ ಬರ್ಕೋ!’

ಮಗಳು ಬರೆದುಕೊಂಡಳು.