ಪರಾಜಯಮೀಮಾಂಸೆ: ಕುಣಿಗಲ್, ಗುಬ್ಬಿ ತಾಲ್ಲೂಕುಗಳಿಗೆ ಅನ್ವಯಿಸಿದಂತೆ

ಗೆಲುವಿನ ಬಗ್ಗೆ ನಮ್ಮಲ್ಲಿ ಶಾಸನಗಳಿವೆ, ವೀರಗಲ್ಲುಗಳಿವೆ, ಅಭಿನಂದನ ಗ್ರಂಥಗಳಿಗಂತೂ ಲೆಕ್ಕವಿಲ್ಲ. (ವೀರಗಲ್ಲು ನಿಲ್ಲಿಸುವುದು ಸತ್ತವನಿಗೇ ಆದರೂ ಕಲ್ಲಿನಲ್ಲಿ ಅವನನ್ನು ಗೆಲ್ಲುತ್ತಿರುವಂತೆಯೇ ಕೆತ್ತುತ್ತಾರೆ.) ಸೋಲನ್ನು ಮಾತ್ರ ವಿದ್ವಾಂಸರು ಹಣೆಬರಹದ ಖಾತೆಗೆ ಬರೆದು ಕೈತೊಳೆದುಕೊಂಡಿದ್ದಾರೆ. ಸೋಲಿನಲ್ಲಿ ಎರಡು ಬಗೆಯುಂಟು: ತಾನಾಗಿ ಬಂದೊದಗುವ ಸೋಲು, ದುಡಿದು ಸಂಪಾದಿಸುವ ಸೋಲು. ಎರಡನೆಯದಕ್ಕೆ ಮೂರು ಅಂಗಗಳು. ಸೋತವನಿಗೇ ಬಹುಮಾನವೆಂದು ಬರೆದಿಟ್ಟ ನಿಯಮವಿರಬೇಕು. ಎಷ್ಟು ಸೋತರೆ ಸಾಕೆಂಬ ಅಂಕಿ ಇರಬೇಕು. ಬಹುಮಾನ ಕೈಸೇರಿಯೇ ಸೇರುತ್ತದೆಂಬ ಭರವಸೆ ಇರಬೇಕು. ಮೊದಲೆರಡು ಅಂಗಗಳು ಆಸ್ಟ್ರೇಲಿಯಾದಲ್ಲಿ ಎಷ್ಟು ಪುಷ್ಟವಾಗಿದ್ದವೋ ತುಮಕೂರು ಜಿಲ್ಲೆಯಲ್ಲೂ ಅಷ್ಟೇ ಪುಷ್ಟವಾಗಿವೆ. ಮೂರನೆಯ ಅಂಗದಲ್ಲಿ ಕರ್ನಾಟಕ ಮಾಡಿರುವ ಸಂಶೋಧನೆಯನ್ನು ಜಗತ್ತು ಇನ್ನೂ ಗುರುತಿಸಿಲ್ಲ ಎಂಬುದೇ ಈ ಪ್ರಬಂಧದ ವಾದ.

ಮೊದಲು ಪರದೇಶದ ಪ್ರಮಾಣ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಎಂಬುದು ಅಂಡಾಕಾರದ ಬಯಲಿನಲ್ಲಿ ತಂಡಕ್ಕೆ 18 ಜನರಂತೆ ಆಡುವ, ಚೆಂಡನ್ನು ಕಾಲಿನಿಂದ ಒದೆಯಲೂ ಮುಷ್ಟಿಯಿಂದ ಗುದ್ದಲೂ ಅವಕಾಶವಿರುವ ಆಟ. ಅಲ್ಲಿ 1986ರಿಂದ ಡ್ರಾಫ್ಟ್ ಪದ್ಧತಿಯಿದೆ: ಹೊಸ ಹುಡುಗರನ್ನು ಕ್ಲಬ್‌ಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ, ಕೊನೆಯ ಸ್ಥಾನದ ಕ್ಲಬ್ಬಿಗೆ ಮೊದಲ ಸರದಿ. ಇದರ ಮೇಲೆ ಇನ್ನೊಂದು ಕರುಣೆಯ ನಿಯಮವೂ ಇತ್ತು. ಗೆಲುವಿಗೆ 4 ಅಂಕ. ಸತತ ಎರಡು ವರ್ಷ 16 ಅಂಕ ದಾಟದ ಕ್ಲಬ್ಬಿಗೆ ಮೊದಲ ಸುತ್ತಿಗೂ ಮುಂಚೆಯೇ ವಿಶೇಷ ಆಯ್ಕೆ. ಮೆಲ್ಬರ್ನ್ ಕ್ಲಬ್ 2008ರಲ್ಲಿ 3 ಪಂದ್ಯ ಗೆದ್ದಿತು, 2009ರಲ್ಲಿ 4. ಅಂದರೆ ಸರಿಯಾಗಿ 16 ಅಂಕ. ಐದನೆಯ ಗೆಲುವು ಬಂದಿದ್ದರೆ ಎರಡು ವರ್ಷದ ತಪಸ್ಸು ನೀರಾಗುತ್ತಿತ್ತು. ಆ ವರ್ಷ ರಿಚ್ಮಂಡ್ ವಿರುದ್ಧದ ಪಂದ್ಯದಲ್ಲಿ ಅದು ಬಂದೇಬಿಡುವಂತಿತ್ತು: ಆಟಗಾರರನ್ನು ಅವರಿಗೆ ಒಗ್ಗದ ಜಾಗಗಳಲ್ಲಿ ನಿಲ್ಲಿಸಿದ್ದರೂ ಕೊನೆಯ ಸೈರನ್ ಕೂಗುವಾಗ ಮೆಲ್ಬರ್ನ್ ಮುಂದಿತ್ತು, ಸೈರನ್ ಆದಮೇಲೆ ರಿಚ್ಮಂಡ್‌ನ ಆಟಗಾರ ಒದ್ದ ಗೋಲು ಮೆಲ್ಬರ್ನಿನ ಸೋಲನ್ನು ಉಳಿಸಿತು. ಹೀಗೆ ಉಳಿಸಿಕೊಂಡ ಪುಣ್ಯದಿಂದ ಡ್ರಾಫ್ಟ್‌ನ ಮೊದಲೆರಡೂ ಆಯ್ಕೆಗಳು ಮೆಲ್ಬರ್ನಿಗೇ ದಕ್ಕಿದವು: ಟಾಮ್ ಸ್ಕಲಿ ಮತ್ತು ಜಾಕ್ ಟ್ರೆಂಗೋವ್.

ಮುಂದಿನದು ಮೀಮಾಂಸಕರಿಗೆ ಹಬ್ಬ. ವಿಚಾರಣೆ ಮುಗಿದು 2013ರ ಫೆಬ್ರವರಿಯಲ್ಲಿ ಬಂದ ತೀರ್ಮಾನದ ಪ್ರಕಾರ ಕ್ಲಬ್ಬು ಬೇಕೆಂದೇ ಸೋತದ್ದು ಸ್ಥಾಪಿತವಾಗಲಿಲ್ಲ. ಆದರೂ ಕ್ಲಬ್ಬಿಗೆ 5 ಲಕ್ಷ ಡಾಲರ್ ದಂಡ ಬಿತ್ತು, ಆಗಿನ ಕೋಚ್ ಡೀನ್ ಬೈಲಿ ಮತ್ತು ಫುಟ್‌ಬಾಲ್ ವಿಭಾಗದ ಮುಖ್ಯಸ್ಥ ಕ್ರಿಸ್ ಕಾನೊಲಿ ಅಮಾನತಾದರು. ಅಪರಾಧವಿಲ್ಲ, ಶಿಕ್ಷೆಯಿದೆ. ಇಲಾಖಾ ವಿಚಾರಣೆಗಳನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ನಮ್ಮಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ, ಅಷ್ಟೆ. ಇನ್ನು ಫಲಶ್ರುತಿ: ಸ್ಕಲಿ ಎರಡೇ ಸೀಸನ್ ಆಡಿ ಹೊಸದಾಗಿ ಹುಟ್ಟಿದ ಸಿಡ್ನಿ ಕ್ಲಬ್ಬಿಗೆ ಹೊರಟುಹೋದ. ಮೆಲ್ಬರ್ನಿಗೆ ಚಾಂಪಿಯನ್ ಪಟ್ಟ ಬಂದದ್ದು 2021ರಲ್ಲಿ.

ಸ್ವದೇಶಕ್ಕೆ ಬರೋಣ. ಈ ಶಾಸ್ತ್ರಕ್ಕೆ ಬೇಕಾದ ಪೂರ್ವಸಿದ್ಧತೆ ತುಮಕೂರು ಸೀಮೆಗೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇರುವುದು ಕುಣಿಗಲ್ಲಿನಲ್ಲಿ. ರೇಸಿನ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗೆದ್ದ ಕುದುರೆಯ ಬೆನ್ನಿಗೆ ಮುಂದಿನ ಸಲ ಹೆಚ್ಚು ತೂಕ, ಸೋಲುತ್ತ ಬಂದದ್ದಕ್ಕೆ ಕಡಿಮೆ ತೂಕ. ಲಗಾಮು ಬಿಗಿಹಿಡಿದು ಇವತ್ತು ಸೋತು ನಾಳೆ ಗೆಲ್ಲುವ ಜಾಕಿಗಳನ್ನು ಹಿಡಿಯಲೆಂದೇ ಸ್ಟೂವರ್ಡ್‌ಗಳು ದುರ್ಬೀನು ಹಿಡಿದು ಕೂತಿರುತ್ತಾರೆ. ಅತ್ತ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ದ ರಂಗಕ್ಕೆ ನಿಜವಾದ ಆನೆ ಕುದುರೆಗಳನ್ನೇ ಹತ್ತಿಸಿತು. ಅಲ್ಲಿ ಕೌರವರು ದಿನವೂ ಸೋಲಬೇಕು. ದುರ್ಯೋಧನನ ಪಾತ್ರಧಾರಿ ಅರೆಮನಸ್ಸಿನಿಂದ ಗದೆ ತಿರುಗಿಸಿದರೆ ಜನ ಎದ್ದುಹೋಗುತ್ತಾರೆ. ನಾಟಕದ ಸೋಲು ಪ್ರೇಕ್ಷಕನ ಒಪ್ಪಿಗೆ ಪಡೆದ ಸೋಲು, ರೇಸಿನ ಸೋಲು ಅವನ ಜೇಬಿಗೆ ಕೈಹಾಕಿದ ಸೋಲು. ಕಾನೂನು ಈ ಭೇದವನ್ನು ಬೇರೆ ರೀತಿ ಬಗೆಹರಿಸಿದೆ. ಕರ್ನಾಟಕ ಪ್ರೀಮಿಯರ್ ಲೀಗ್‌ನ 2019ರ ಸ್ಪರ್ಧೆಯಲ್ಲಿ ಹಣಕ್ಕಾಗಿ ನಿಧಾನವಾಗಿ ಬ್ಯಾಟ್ ಬೀಸಿದರೆಂಬ ಆರೋಪ ಹೈಕೋರ್ಟಿನವರೆಗೆ ಹೋದಾಗ, ಮ್ಯಾಚ್ ಫಿಕ್ಸಿಂಗ್ ಅಶಿಸ್ತೂ ಅಪ್ರಾಮಾಣಿಕತೆಯೂ ಇರಬಹುದು, ಆದರೆ 420ನೇ ಕಲಮಿನ ವಂಚನೆಯಲ್ಲ, ಏಕೆಂದರೆ ಜನ ಟಿಕೆಟ್ ಕೊಂಡದ್ದು ಸ್ವಇಚ್ಛೆಯಿಂದ ಎಂದು 2022ರ ಜನವರಿಯಲ್ಲಿ ತೀರ್ಪಾಯಿತು. ತೆರಿಗೆಯನ್ನೂ ಸ್ವಇಚ್ಛೆಯಿಂದ ಕಟ್ಟುತ್ತೇವೆಂದು ಸದ್ಯ ಯಾವ ನ್ಯಾಯಾಲಯವೂ ಹೇಳಿಲ್ಲ. ಮುಂದಿನ ವಾದಕ್ಕೆ ಇದು ಮುಖ್ಯ.

ಏಕೆಂದರೆ ನಮ್ಮ ಡ್ರಾಫ್ಟ್ ನಡೆದದ್ದು ತೆರಿಗೆಯ ದುಡ್ಡಿನ ಮೇಲೆ. ಪ್ರಾದೇಶಿಕ ಅಸಮಾನತೆ ಅಳೆಯಲು ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಬ್ಯಾಂಕ್ ಶಾಖೆ, ರಸ್ತೆಯ ಉದ್ದ, ವೈದ್ಯರ ಸಂಖ್ಯೆ, ಸಾಕ್ಷರತೆ ಮೊದಲಾದ 35 ಸೂಚಕಗಳಿಂದ ಆಗಿನ 175 ತಾಲ್ಲೂಕುಗಳನ್ನು ತೂಗಿ ಪಾಯಿಂಟ್ಸ್ ಟೇಬಲ್ ತಯಾರಿಸಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ ಅದಕ್ಕಿಂತ ಕೆಳಗಿನವು 114. ಅವುಗಳಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಈ ಕೊನೆಯ 39ರಲ್ಲಿ ತುಮಕೂರು ಜಿಲ್ಲೆಯದೇ ಐದು: ಕುಣಿಗಲ್, ಗುಬ್ಬಿ, ಮಧುಗಿರಿ, ಶಿರಾ, ಪಾವಗಡ. ದೇವದುರ್ಗದಂಥ ತಾಲ್ಲೂಕುಗಳ ಪಕ್ಕದಲ್ಲಿ ಬೆಂಗಳೂರಿನಿಂದ ಎರಡು ಗಂಟೆಯ ಬಸ್ ಹಾದಿಯ ಕುಣಿಗಲ್ ಕೂತದ್ದು ಸಾಮಾನ್ಯ ಸಾಧನೆಯಲ್ಲ. ಕೆಳಗಿದ್ದವರಿಗೆ ಹೆಚ್ಚು ಪಾಲು ಎಂಬ ನಿಯಮದೊಡನೆ 8 ವರ್ಷಕ್ಕೆ 31,000 ಕೋಟಿ ರೂಪಾಯಿಯ ಶಿಫಾರಸೂ ಬಂತು. ನಿಯಮ ಸಿದ್ಧ, ಅಂಕಿ ಸಿದ್ಧ.

ಇಲ್ಲಿ ಪೂರ್ವಪಕ್ಷದವರು ಸಿಟ್ಟಾಗಿ ಎದ್ದು ನಿಲ್ಲುತ್ತಾರೆ. ಬಡತನ ಆಟವೇ? ಬತ್ತಿದ ಬೋರ್‌ವೆಲ್ಲಿನ ಮುಂದೆ ನಿಂತ ರೈತ ನಟಿಸುತ್ತಿದ್ದಾನೆಯೇ? ಆಕ್ಷೇಪ ನ್ಯಾಯವಾದದ್ದು, ಒಪ್ಪಲೇಬೇಕು. ಆದರೆ ಅದು ಶಾಸ್ತ್ರವನ್ನು ಬೀಳಿಸುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ. ಮೆಲ್ಬರ್ನಿನಲ್ಲೂ ಮೈದಾನದ ಹುಡುಗರು ಬೆವರು ಸುರಿಸಿಯೇ ಓಡಿದರು. ವಿಚಾರಣೆ ನಡೆದದ್ದು ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವವರ ಮೇಲೆ. ತಾಲ್ಲೂಕಿನ ಟೀಮ್ ಲಿಸ್ಟನ್ನು ಇದೇ ಕಣ್ಣಿನಿಂದ ಓದಬೇಕು. ಡಾಕ್ಟರ ಹುದ್ದೆ ಖಾಲಿ. ಇರುವ ಒಬ್ಬರು ಇನ್ನೆರಡು ಆಸ್ಪತ್ರೆಗಳಿಗೂ ಪ್ರಭಾರ. ಇಂಜಿನಿಯರು ಡೆಪ್ಯುಟೇಷನ್ ಮೇಲೆ ಬೆಂಗಳೂರಿನಲ್ಲಿ. ಮೇಷ್ಟರು ಗಣತಿಗೆ, ಗಣತಿ ಮುಗಿದರೆ ಮತದಾರರ ಪಟ್ಟಿಗೆ, ಅದೂ ಮುಗಿದರೆ ಬಿಸಿಯೂಟದ ಲೆಕ್ಕಕ್ಕೆ. ಗೋಲು ಹೊಡೆಯುವವನನ್ನು ಗೋಲು ಕಾಯಲು ಬಿಟ್ಟ ಮೆಲ್ಬರ್ನಿನ ಕೌಶಲ ಇದರ ಮುಂದೆ ಏನೇನೂ ಅಲ್ಲ. ವ್ಯತ್ಯಾಸವಿಷ್ಟೇ: ಅಲ್ಲಿ ಒಂದು ಗುರಿಯಿತ್ತು, ಇಲ್ಲಿ ಇದೆಲ್ಲ ಯಾವ ಉದ್ದೇಶವೂ ಇಲ್ಲದೆ, ಬಹುಮಾನದ ಆಸೆಯೂ ಇಲ್ಲದೆ ನಡೆಯುತ್ತದೆ. ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಶುದ್ಧ ದೃಷ್ಟಾಂತ ಸಿಕ್ಕೀತೇ?

ಹೇಮಾವತಿಯ ನೀರನ್ನು ನೋಡಿದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಕಾಲುವೆ ಎಂಬುದು ಡ್ರಾಫ್ಟ್‌ಗೆ ಪೂರ್ತಿ ವಿರುದ್ಧವಾದ ಸಂಸ್ಥೆ: ಮೇಲಿನವನಿಗೆ ಮೊದಲ ಸರದಿ, ಕೊನೆಯವನಿಗೆ ಉಳಿದರೆ ಉಂಟು. ಗೊರೂರಿನಿಂದ ಹೊರಟ ನೀರು ತುಮಕೂರು ಶಾಖಾ ನಾಲೆಯಲ್ಲಿ ಗುಬ್ಬಿ ದಾಟಿ ಕುಣಿಗಲ್ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಆದ್ದರಿಂದ ಕುಣಿಗಲ್ಲಿನವರು ಕೇಳಿದ್ದು ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ. ನಾಲೆಯನ್ನು ಸುತ್ತಿಬರದೆ ನಡುವೆಯೇ ನೀರನ್ನು ಕೊಳವೆಗೆ ತಿರುಗಿಸಿ ನೇರವಾಗಿ ಒಯ್ಯುವ ಈ ಯೋಜನೆ ಮೆಲ್ಬರ್ನಿಗೆ ಸಿಕ್ಕ ವಿಶೇಷ ಆಯ್ಕೆಯ ನೀರಾವರಿ ರೂಪ. ನಮ್ಮ ಪಾಲಿಗೆ ಕತ್ತರಿ ಬೀಳುತ್ತದೆಂದು ಗುಬ್ಬಿ, ತುಮಕೂರು ಕಡೆಯ ರೈತರು ಎದ್ದರು; 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಕಾಮಗಾರಿ ಜಾಗದಲ್ಲಿ ಪ್ರತಿಭಟನೆ, ನಿಷೇಧಾಜ್ಞೆ ಎಲ್ಲ ಆದವು. ಒಂದೇ ಪಟ್ಟಿಯಲ್ಲಿ ಅತ್ಯಂತ ಹಿಂದುಳಿದವೆಂದು ಅಕ್ಕಪಕ್ಕ ಕೂತ ಎರಡು ತಾಲ್ಲೂಕುಗಳು, ಯಾರ ಬಾಯಾರಿಕೆ ದೊಡ್ಡದು ಎಂದು ಬೀದಿಗಿಳಿದವು. ಈ ವ್ಯಾಜ್ಯದಲ್ಲಿ ಕುಣಿಗಲ್ಲಿಗೆ ಒಂದು ತೊಡಕೂ ಉಂಟು: ಜನಪದರು ಹಾಡು ಕಟ್ಟಿ ನಾಡಿಗೆಲ್ಲ ಪರಿಚಯಿಸಿದ ದೊಡ್ಡಕೆರೆಯನ್ನು ಇಟ್ಟುಕೊಂಡು ಬಾಯಾರಿಕೆಯ ಪ್ರಮಾಣಪತ್ರ ಕೇಳುವುದು ಸ್ವಲ್ಪ ಕಷ್ಟ.

ಗುಬ್ಬಿಗೆ ಬಹುಮಾನ ಬಂದಿಲ್ಲವೆ, ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಪ್ರಧಾನಿಯಿಂದಲೇ ಉದ್ಘಾಟನೆಯಾಗಲಿಲ್ಲವೆ ಎಂದು ಇನ್ನೊಬ್ಬರು ಕೇಳಬಹುದು. ಆಯಿತು. ಆದರೆ ಅಲ್ಲಿ ಆರಿಸಿಕೊಂಡದ್ದು ಕಾರ್ಖಾನೆ, ಆರಿಸಲ್ಪಟ್ಟದ್ದು ಗುಬ್ಬಿಯ ಬಯಲು. ಡ್ರಾಫ್ಟ್‌ನಲ್ಲಿ ಕ್ಲಬ್ಬು ಹುಡುಗನನ್ನು ಆರಿಸಬೇಕೇ ಹೊರತು ಹುಡುಗ ಮೈದಾನವನ್ನಲ್ಲ. ಜಿಲ್ಲಾ ಕೇಂದ್ರದ ಕಥೆಯಂತೂ ಸಿದ್ಧಾಂತಕ್ಕೇ ಸವಾಲು: 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿಯಾದದ್ದು ಉಳಿದ ನಗರಗಳೊಡನೆ ಸ್ಪರ್ಧಿಸಿ, ಗೆದ್ದು. ಹಾಗಾದರೆ ಈ ಜಿಲ್ಲೆಯ ಮನುಷ್ಯ ತಾಲ್ಲೂಕಿನಲ್ಲಿದ್ದಾಗ ಸೋಲಬೇಕು, ಬಸ್ ಹತ್ತಿ ತುಮಕೂರಿನಲ್ಲಿ ಇಳಿದ ಕೂಡಲೇ ಗೆಲ್ಲಬೇಕು. ಗೆದ್ದ ನಗರಕ್ಕೆ ವರ್ಷಗಟ್ಟಲೆ ದಕ್ಕಿದ್ದು ಅಗೆದ ರಸ್ತೆಗಳಾದ್ದರಿಂದ, ಎರಡು ನಿಯಮಗಳ ಫಲದಲ್ಲಿ ದೊಡ್ಡ ಅಂತರವೇನೂ ಕಾಣಲಿಲ್ಲ ಎಂಬುದೊಂದೇ ಸಮಾಧಾನ.

ಈಗ ಸಿದ್ಧಾಂತ. ಬೇಕೆಂದು ಸೋಲುವುದನ್ನು ತಡೆಯಲು ಲೋಕ ಹಲವು ಮದ್ದು ಹುಡುಕಿದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ 1985ರಲ್ಲಿ ಮೊದಲ ಆಯ್ಕೆಗೆ ಲಾಟರಿ ತಂದಿತು. ಆಸ್ಟ್ರೇಲಿಯಾದವರು 2012ರಲ್ಲಿ ಅಂಕದ ಲೆಕ್ಕವನ್ನೇ ಅಳಿಸಿ, ವಿಶೇಷ ಆಯ್ಕೆಯನ್ನು ಆಡಳಿತ ಮಂಡಳಿಯ ವಿವೇಚನೆಗೆ ಬಿಟ್ಟರು. ಎರಡೂ ಒರಟು ಮದ್ದುಗಳು. ನಮ್ಮಲ್ಲಿ ವಿಶೇಷ ಅಭಿವೃದ್ಧಿ ಯೋಜನೆ 2007–08ರಲ್ಲಿ ಆರಂಭವಾಯಿತು. ಹಂಚಿಕೆಯಾದದ್ದೆಲ್ಲ ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗಲಿಲ್ಲ. ಬಹುಮಾನವನ್ನು ಘೋಷಿಸಬೇಕು, ಅಂಕಿ ಸಮೇತ ಅಚ್ಚು ಹಾಕಿಸಬೇಕು, ಪೂರ್ತಿ ಕೊಡಬಾರದು: ಇದೇ ಕರ್ನಾಟಕ ಪದ್ಧತಿ. ಇದರಿಂದ ಸೋತವರಿಗೆ ಆಸೆ ಉಳಿಯುತ್ತದೆ, ಸೋಲಲು ಆಮಿಷ ಉಳಿಯುವುದಿಲ್ಲ. ಮೆಲ್ಬರ್ನಿಗೆ ಟಾಮ್ ಸ್ಕಲಿಯನ್ನು ಮಂಜೂರು ಮಾಡಿ, ಆದೇಶದ ಪ್ರತಿಯನ್ನು ಕಳಿಸಿ, ಹುಡುಗನನ್ನು ಕಳಿಸದೆ ಇದ್ದಿದ್ದರೆ ದಂಡವೂ ಬೇಕಿರಲಿಲ್ಲ, ವಿಚಾರಣೆಯೂ ಬೇಕಿರಲಿಲ್ಲ.

ಪದ್ಧತಿಗೆ ಒಂದೇ ಅಪಾಯವಿದೆ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಗಿ ಎಲ್ಲ ತಾಲ್ಲೂಕುಗಳನ್ನೂ ಮತ್ತೆ ತೂಗುವ ಕೆಲಸ ಶುರುವಾಯಿತು. ಈ ಸಲದ ಶಿಫಾರಸಿನ ದುಡ್ಡು ಹೇಳಿದಷ್ಟು, ಹೇಳಿದ ವರ್ಷದಲ್ಲಿ, ಹೇಳಿದ ತಾಲ್ಲೂಕಿಗೇ ತಲುಪಿಬಿಟ್ಟರೆ ಮೂರನೆಯ ಅಂಗ ಪೂರ್ಣವಾಗುತ್ತದೆ. ಆಮೇಲೆ ಕುಣಿಗಲ್, ಗುಬ್ಬಿಗಳ ಕಚೇರಿಗಳಲ್ಲಿ ಸೋಲನ್ನು ಲೆಕ್ಕ ಹಾಕಿ ಸಂಪಾದಿಸುವ ನುರಿತ ಸಿಬ್ಬಂದಿ ಬೇಕಾಗುತ್ತಾರೆ. ಆ ಹುದ್ದೆಗಳನ್ನೂ ಖಾಲಿಯೇ ಇಡುವುದಾದರೆ ಚಿಂತೆಯಿಲ್ಲ.